ಕೆಟ್ಟು ನಿಂತ ಕಾರೂ ಬಿಟ್ಟಿ ಸಲಹೆಯೂ

ಹಳೆಯ ಅಂಬಾಸಿಡರ್ ಕಾರೊಂದು ಬಿರುಬಿಸಿಲಿನಲ್ಲಿ ರಸ್ತೆಯ ಬದಿಗೆ ನಿಂತು, ಅದರ ಬಾನೆಟ್ಟು ಮೇಲೆದ್ದಿತೆಂದರೆ ಸಾಕು, ಅಲ್ಲೊಂದು ವಿದ್ವತ್ಸಭೆ ತಾನಾಗಿಯೇ ನೆರೆಯುತ್ತದೆ. ಆಮಂತ್ರಣ ಪತ್ರಿಕೆಯಿಲ್ಲ, ಅಧ್ಯಕ್ಷರಿಲ್ಲ. ಭಾಷಣಕಾರರಿಗೆ ಮಾತ್ರ ಕೊರತೆಯಿಲ್ಲ. ಒಬ್ಬರು ಪ್ಲಗ್ಗಿನಲ್ಲಿ ಮಸಿ ಕೂತಿದೆಯೆನ್ನುತ್ತಾರೆ. ಇನ್ನೊಬ್ಬರು ಕಾರ್ಬ್ಯುರೇಟರಿನಲ್ಲಿ ಕಸ ಸೇರಿದೆಯೆಂದು ತೀರ್ಪು ಕೊಡುತ್ತಾರೆ. ಮೂರನೆಯವರು ಏನನ್ನೂ ನೋಡದೆಯೇ, “ತಳ್ಳಿರಿ, ತಾನೇ ಹೊರಡುತ್ತದೆ” ಎಂದು ಆಜ್ಞಾಪಿಸುತ್ತಾರೆ. ಎಲ್ಲರೂ ಬೆವರಿಳಿಸಿ ತಳ್ಳಿದ ತರುವಾಯ, ಟ್ಯಾಂಕಿನಲ್ಲಿ ಪೆಟ್ರೋಲೇ ಇರಲಿಲ್ಲವೆಂಬ ಸತ್ಯ ಹೊರಬೀಳುವುದೂ ಉಂಟು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಅನುಸರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನಿರ್ಮಾಣವಾಗುತ್ತಿದ್ದ ಈ ವಾಹನದ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರ ಸಲಹೆಗಾರರ ಸಂತತಿಯಾದರೋ ಇನ್ನೂ ನಿಂತಿಲ್ಲ.

ಹಾಗೆಂದು ಇವರ ಮಾತೆಲ್ಲವೂ ಹುಸಿಯೆನ್ನುವುದು ಅನ್ಯಾಯವಾದೀತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕೆಂಬ ಉಪಾಯವನ್ನು ಕೇಳಿ ನಕ್ಕವರುಂಟು. ಆದರೆ ಎಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯೊಳಗೇ ಆವಿಯಾದರೆ, ದ್ರವವನ್ನು ತಳ್ಳಲೆಂದು ಮಾಡಿದ ಪಂಪು ಆವಿಯನ್ನು ತಳ್ಳಲಾರದು. ಒದ್ದೆ ಬಟ್ಟೆಯ ತಂಪಿಗೆ ಆವಿಯು ಮರಳಿ ದ್ರವವಾಗುತ್ತದೆ, ಕಾರು ಹೊರಡುತ್ತದೆ. ತೊಡಕೆಂದರೆ, ಒಮ್ಮೆ ಇದು ಫಲಿಸಿದುದನ್ನು ಕಂಡವನು ಮುಂದೆ ಬ್ಯಾಟರಿ ಸತ್ತ ಕಾರಿಗೂ ಒದ್ದೆ ಬಟ್ಟೆಯನ್ನೇ ಹೊದಿಸುತ್ತಾನೆ!

ಇಷ್ಟರವರೆಗೆ ನಗೆ. ಕಾದು ನಿಂತ ಕಾರಿನ ರೇಡಿಯೇಟರ್ ಮುಚ್ಚಳವನ್ನು ಒಡನೆಯೇ ತೆರೆಯಿರೆಂಬ ಸಲಹೆ ಮಾತ್ರ ನಗೆಯ ಎಲ್ಲೆಯನ್ನು ಮೀರಿದುದು. ಬಿಗಿದ ಮುಚ್ಚಳದೊಳಗಿನ ಒತ್ತಡದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡನ್ನು ದಾಟಿಯೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಿದೊಡನೆ ಒತ್ತಡವಿಳಿದು, ಕುದಿನೀರೂ ಹಬೆಯೂ ಮುಖಕ್ಕೆ ಚಿಮ್ಮುತ್ತವೆ. ಹೇಳಿದವನು ಎರಡು ಮಾರು ದೂರದಲ್ಲಿ ನಿಂತಿರುತ್ತಾನೆ. ಸುಡುವುದು ಕೇಳಿದವನ ಕೈ.

ನುರಿತ ಮೆಕ್ಯಾನಿಕ್ಕನ ರೀತಿಯೇ ಬೇರೆ. ಅವನು ಹೇಳುವುದಕ್ಕೆ ಮೊದಲು ಕೇಳುತ್ತಾನೆ: ಕಾರು ನಿಂತದ್ದು ಯಾವಾಗ, ಕಾದ ಮೇಲೋ, ಹೊರಡುವಾಗಲೋ? ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ ಎಂದು ನೋಡಿ, ಬಂದರೆ ಪೆಟ್ರೋಲಿನ ದಾರಿಯನ್ನು ಪರೀಕ್ಷಿಸುತ್ತಾನೆ. ಅವನ ಕೈಯಲ್ಲೂ ಒದ್ದೆ ಬಟ್ಟೆಯಿದೆ; ಅದನ್ನು ಎಲ್ಲಿ, ಏಕೆ ಹಾಕಬೇಕೆಂಬ ತಿಳಿವು ತಲೆಯಲ್ಲಿದೆ.

ಕಾರಣವನ್ನು ಅರಿಯದೆ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿದ ಬಾಲಕನೇ ಬೆಳೆದು ರಸ್ತೆಯ ಬದಿಯ ಪಂಡಿತನಾಗುತ್ತಾನೆ. “ಏಕೆ?” ಎಂದು ಕೇಳಿದ ವಿದ್ಯಾರ್ಥಿಯನ್ನು ಗದರಿಸಿ ಕೂರಿಸುವ ತರಗತಿಗೂ ಆ ಪಾಂಡಿತ್ಯದಲ್ಲಿ ಪಾಲಿದೆ. ಆದರೂ ಆ ಸಭೆಯಲ್ಲಿ ವಂದನಾರ್ಹರು ಇಲ್ಲದಿಲ್ಲ: ಒಂದು ಮಾತನ್ನೂ ಆಡದೆ, ಕಾರಿನ ಹಿಂದೆ ಹೋಗಿ ಹೆಗಲು ಕೊಡುವವರು.