ಇ-ಮೇಲಿನ ‘ವಿಷಯ’ ಹೇಗಿರಬೇಕು?



ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದ ಕಾಲ 1990ರ ದಶಕದ ನಡುವಿನಲ್ಲಿ ಮುಗಿಯಿತು. ಅಂದಿನಿಂದ ಕೊಳ್ಳುವವರನ್ನು ಹುಡುಕುವ ಹೊಣೆ ಬೆಳೆಗಾರನ ಹೆಗಲಿಗೇ ಬಿದ್ದಿದೆ. ಅಡಿಕೆಗೆ 1939ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದ ಮ್ಯಾಮ್ಕೋಸ್, 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಇವುಗಳ ಆಸರೆ ಇದೆ, ಸರಿಯಷ್ಟೆ. ಆದರೆ ಕಾಫಿಪುಡಿ, ಕಾಳುಮೆಣಸುಗಳನ್ನು ದೂರದ ಗಿರಾಕಿಗೆ ನೇರವಾಗಿ ಮಾರಬೇಕೆನ್ನುವ ಸಣ್ಣ ಬೆಳೆಗಾರರಿಗೆ ಇ-ಮೇಲ್ ಅಗ್ಗದ ಸಾಧನ. ಅದನ್ನು ಬಳಸುವಾಗ ಒಂದು ಸಾಲಿನ ಬಗ್ಗೆ ನಾವು ಹೆಚ್ಚು ಎಚ್ಚರ ವಹಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದೇ ‘ವಿಷಯ’ದ ಸಾಲು.

ಈ ಸಾಲು ನಮಗೆ ಹೊಸದಲ್ಲ. ತಾಲ್ಲೂಕು ಕಛೇರಿಗೆ ಅರ್ಜಿ ಬರೆಯುವಾಗ ‘ಮಾನ್ಯರೇ’ ಎಂಬುದರ ಕೆಳಗೆ ‘ವಿಷಯ’ ಎಂದು ಬರೆದೇ ಮುಂದಕ್ಕೆ ಹೋಗುತ್ತೇವೆ. ಗುಮಾಸ್ತರು ಅದನ್ನು ನೋಡಿಯೇ ಅರ್ಜಿ ಯಾವ ಕಡತಕ್ಕೆ ಸೇರಬೇಕೆಂದು ತೀರ್ಮಾನಿಸುತ್ತಾರೆ. ಇ-ಮೇಲಿನಲ್ಲಿಯೂ ಅಷ್ಟೆ. ವ್ಯಾಪಾರಿಗೆ ಮೊದಲು ಕಾಣುವುದು ಕಳುಹಿಸಿದವರ ಹೆಸರು ಮತ್ತು ಈ ಒಂದು ಸಾಲು. ಮುಖ ನೋಡಿ ಮಣೆ ಹಾಕುವವರೇ ಎಲ್ಲರೂ. ಪತ್ರ ತೆರೆಯಬೇಕೋ ಅಳಿಸಬೇಕೋ ಎಂಬುದು ಅಲ್ಲಿಯೇ ನಿಶ್ಚಯವಾಗುತ್ತದೆ.

‘ನಮಸ್ಕಾರ’, ‘ಶುಭ ಸುದ್ದಿ’, ‘ಇಂದೇ ಕೊಳ್ಳಿರಿ!!!’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಅದರ ಬದಲು ‘ರಾಶಿ ಅಡಿಕೆ, 12 ಕ್ವಿಂಟಾಲ್, ಭದ್ರಾವತಿ, ಧಾರಣೆ ತಿಳಿಸಿ’ ಎಂದು ಬರೆದು ನೋಡಿ. ಮಾಲು ಯಾವುದು, ಎಷ್ಟು, ಎಲ್ಲಿದೆ, ನಮಗೆ ಬೇಕಾದುದೇನು, ನಾಲ್ಕೂ ಬಂದುವು. ಮನೆಬಳಕೆಯ ಗಿರಾಕಿಗಾದರೆ ‘ಚಿಕೋರಿ ಇಲ್ಲದ ಕಾಫಿಪುಡಿ, ಅರ್ಧ ಕಿಲೋ, ಈ ವಾರ ಹುರಿದದ್ದು’ ಎಂದರೆ ಸಾಕು. ಮೊಬೈಲಿನ ಪರದೆಯಲ್ಲಿ ಸಾಲಿನ ಆರಂಭ ಮಾತ್ರ ಕಾಣುವುದರಿಂದ ಮಾಲಿನ ಹೆಸರು ಮೊದಲು ಬರಲಿ, ತೋಟದ ಹೆಸರು ಆಮೇಲೆ ಬರಲಿ. 2013ರ ಜುಲೈನಲ್ಲಿ ನಿಂತುಹೋದ ತಂತಿ ಸೇವೆಯನ್ನು ಬಳಸಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪದಕ್ಕಿಷ್ಟು ಎಂದು ದುಡ್ಡು ಕೊಡುತ್ತಿದ್ದಾಗ ಯಾರೂ ಬೇಡದ ಮಾತು ಬರೆಯುತ್ತಿರಲಿಲ್ಲ.

ಇನ್ನು ಕೆಲವು ಸಣ್ಣ ಸಂಗತಿಗಳಿವೆ. ಹಳೆಯ ಪತ್ರಕ್ಕೇ ಉತ್ತರವಾಗಿ ಹೊಸ ಫಸಲಿನ ವಿಚಾರ ಬರೆಯುವುದಾದರೆ ವಿಷಯದ ಸಾಲನ್ನು ಬದಲಾಯಿಸಬೇಕು. ಇಲ್ಲವಾದರೆ ಹೋದ ವರ್ಷದ ಲೆಕ್ಕದಲ್ಲಿ ಈ ವರ್ಷದ ಮಾಲು ಕಳೆದುಹೋಗುತ್ತದೆ. 2014ರ ನವೆಂಬರ್ 1ರಂದು ನಮ್ಮ ನಗರದ ಇಂಗ್ಲಿಷ್ ಹೆಸರು ‘ಶಿಮೊಗ’ದಿಂದ ‘ಶಿವಮೊಗ್ಗ’ಕ್ಕೆ ಬದಲಾಯಿತು. ಇಂಗ್ಲಿಷಿನಲ್ಲಿ ಬರೆಯುವವರು ಒಂದೇ ಕಾಗುಣಿತಕ್ಕೆ ಅಂಟಿಕೊಂಡರೆ, ಪತ್ರ ಹುಡುಕುವ ವ್ಯಾಪಾರಿಗೆ ಅದು ಸುಲಭವಾಗಿ ಸಿಗುತ್ತದೆ. ಕನ್ನಡ ಬಲ್ಲ ಗಿರಾಕಿಗೆ ಕನ್ನಡದಲ್ಲಿಯೇ ಬರೆಯಲು ಸಂಕೋಚ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಮಾತು ಪ್ರಾಮಾಣಿಕತೆಯದು. ಆಕರ್ಷಕವಾಗಿ ಬರೆಯದಿದ್ದರೆ ಯಾರು ಓದುತ್ತಾರೆ ಎಂದು ಕೆಲವು ಯುವಕರು ವಾದಿಸುತ್ತಾರೆ. ಆಕರ್ಷಣೆಗೆ ನಮ್ಮ ಅಡ್ಡಿಯಿಲ್ಲ, ಸುಳ್ಳಿಗೆ ಇದೆ. ಮೂಟೆಯ ಬಾಯಲ್ಲಿ ರಾಶಿ, ಬುಡದಲ್ಲಿ ಗೊರಬಲು ತುಂಬಿದವನ ಗತಿ ಮಂಡಿಯಲ್ಲಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ವಿಷಯದ ಸಾಲೂ ಮೂಟೆಯ ಬಾಯಿ ಇದ್ದಂತೆ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಶಿರಸಿ ಸುಪಾರಿ ಇವಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರಕಿದೆ. ಬೇರೆ ಕಡೆಯ ಮಾಲಿಗೆ ಆ ಹೆಸರು ಸಲ್ಲದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂಬ ನಿಯಮವಿದೆ. ಪೊಟ್ಟಣದ ಮೇಲಿನ ಸತ್ಯ ಪತ್ರದ ತಲೆಯ ಮೇಲೂ ಇರಲಿ. ಮೋಸದ ವಿಷಯ ಸಾಲು ಬರೆದು ವ್ಯಾಪಾರದ ಇ-ಮೇಲ್ ಕಳುಹಿಸುವುದನ್ನು ಅಮೆರಿಕವು 2003ರ ಕಾನೂನಿನಿಂದಲೇ ನಿಷೇಧಿಸಿದೆ. ಬೇಡವೆಂದ ಗಿರಾಕಿಗೆ ಮತ್ತೆ ಮತ್ತೆ ಬರೆಯುವುದೂ ಮರ್ಯಾದೆಯಲ್ಲ.

ದೊಡ್ಡ ಕಂಪೆನಿ ಒಬ್ಬ ಗಿರಾಕಿಯನ್ನು ಕಳೆದುಕೊಂಡರೆ ಇನ್ನೊಬ್ಬನನ್ನು ಜಾಹೀರಾತಿನಿಂದ ತಂದೀತು. ಎರಡು ಎಕರೆಯ ಬೆಳೆಗಾರನಿಗೆ ಆ ಶಕ್ತಿಯಿಲ್ಲ. ಅಷ್ಟೇ ಅಲ್ಲ, ಒಬ್ಬನ ಸುಳ್ಳು ಸಾಲಿನಿಂದ ‘ಆ ಕಡೆಯ ಮಾಲೇ ಹಾಗೆ’ ಎಂಬ ಅಪವಾದ ಊರಿಗೆಲ್ಲ ಅಂಟುತ್ತದೆ. ಆದ್ದರಿಂದ ಸದಸ್ಯರು ಪತ್ರ ಕಳುಹಿಸುವ ಮುನ್ನ ವಿಷಯದ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ. ಗಿರಾಕಿಯ ಎದುರು ಮೂಟೆ ಬಿಚ್ಚಿ ನಿಂತು ಅದೇ ಮಾತು ಹೇಳಬಹುದೆನಿಸಿದರೆ ಧಾರಾಳವಾಗಿ ಕಳುಹಿಸಲಿ.