ಬ್ರೇಕು ಕೂಗುತ್ತಿದೆ, ಕೇಳುವವರು ಯಾರು?

ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟಿನ ದಿನ. ಮೆಣಸಿನಕಾಯಿ ಸುಗ್ಗಿಯಲ್ಲಿ ಮೋಟೆಬೆನ್ನೂರಿನಿಂದ ಬ್ಯಾಡಗಿವರೆಗೂ ಲಾರಿ, ಟ್ರ್ಯಾಕ್ಟರು, ಟಾಟಾ ಏಸ್‌ಗಳ ಸಾಲು. ಮುಂದಿನವ ನಿಂತರೆ ಹಿಂದಿನವ ನಿಲ್ಲಲೇಬೇಕು. ಆಗ ಕೇಳಬೇಕು ಮೇಳ! ಒಂದು ಕೀಂಚ್ ಅಂದರೆ ಇನ್ನೊಂದು ಕರಕರ, ಮತ್ತೊಂದು ಟುಸ್. ಹಾವೇರಿ ಬಸ್ ನಿಲ್ದಾಣದಲ್ಲೂ, ರಾಣೆಬೆನ್ನೂರಿನ ಪಿ.ಬಿ. ರಸ್ತೆಯಲ್ಲೂ ಇದೇ ಸಂಗೀತ. ಗಲ್ಲಾಪೆಟ್ಟಿಗೆ ಮುಂದೆ ಕುಂತ ಅಂಗಡಿಕಾರರಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ ತಲೆ ಎತ್ತಿ ನೋಡುವವರೂ ಇಲ್ಲ.

ಈ ರೂಢಿಯೇ ದೊಡ್ಡ ರೋಗ. ಬ್ರೇಕಿನ ದನಿಯಲ್ಲಿ ಅಂಜಬೇಕಾದದ್ದೂ ಇದೆ, ಅಂಜಬೇಕಿಲ್ಲದ್ದೂ ಇದೆ. ಎರಡರ ವ್ಯತ್ಯಾಸ ತಿಳಿಯದವರು ಎರಡು ತರಹ ಮೋಸ ಹೋಗುತ್ತಾರೆ. ಒಬ್ಬ ಸಣ್ಣ ದನಿಗೇ ಹೆದರಿ, ಚಲೋ ಇದ್ದ ಪ್ಯಾಡನ್ನೇ ಬದಲಿಸಿ ದುಡ್ಡು ಕಳಕೊಳ್ಳುತ್ತಾನೆ. ಇನ್ನೊಬ್ಬ "ಏನ್ ಆಗೂದಿಲ್ಲ ಬಿಡ್ರಿ, ನಡೀತೈತಿ" ಎಂದು ನಡೆಸುತ್ತಾನೆ. ಮೊದಲನೆಯವನದು ಅವನ ಜೇಬಿನ ಮಾತು. ಎರಡನೆಯವನದು ದಾರಿಯಲ್ಲಿ ನಿಂತ ಮಂದಿಯ ಜೀವದ ಮಾತು.

ದನಿ ಎಲ್ಲಿಂದ?

ಬ್ರೇಕ್ ಅಂದರೆ ಉಜ್ಜಾಟ. ಗಾಲಿಯ ಜೊತೆ ತಿರುಗುವ ಕಬ್ಬಿಣದ ಡಿಸ್ಕನ್ನು ಎರಡು ಪ್ಯಾಡ್‌ಗಳು ಎರಡೂ ಮಗ್ಗುಲಿಂದ ಹಿಡಿಯುತ್ತವೆ. ಡ್ರಮ್ ಬ್ರೇಕಾದರೆ ಒಳಗಿನ ಶೂಗಳು ಅಗಲಗೊಂಡು, ಮೇಲಿನ ಲೈನರು ಡ್ರಮ್ಮಿಗೆ ಉಜ್ಜುತ್ತದೆ. ಗಾಡಿಯ ಓಟವೆಲ್ಲ ಅಲ್ಲಿ ಕಾವಾಗಿ ಹೋಗುತ್ತದೆ. ಹಾಗೆ ಉಜ್ಜುವಾಗ ಸಾಮಾನುಗಳು ನಡುಗುತ್ತವೆ, ಆ ನಡುಕವೇ ಕಿವಿಗೆ ದನಿ. ತಂತಿಯ ಮೇಲೆ ಕಮಾನು ಎಳೆದರೆ ಪಿಟೀಲು ನುಡಿದಂತೆ. ಅಂದ ಮೇಲೆ ದನಿ ಬಂತೆಂದ ಮಾತ್ರಕ್ಕೆ ಬ್ರೇಕು ಕೆಟ್ಟಿತೆಂದು ಅರ್ಥವಲ್ಲ.

ರಾತ್ರಿ ಮಳೆಗೋ ಇಬ್ಬನಿಗೋ ನಿಂತ ಕಾರು ಬೆಳಿಗ್ಗೆ ಮೊದಲ ನಾಲ್ಕು ಬ್ರೇಕಿಗೆ ಕರಕರ ಅಂದರೆ ಗಾಬರಿ ಬೇಡ. ಡಿಸ್ಕಿನ ಮೇಲೆ ಕುಂತ ತೆಳು ತುಕ್ಕು ಅದು, ಉಜ್ಜಿ ಹೋಗುತ್ತದೆ. ಹೊಸ ಪ್ಯಾಡ್ ಹಾಕಿದ ಮೊದಲ ದಿನಗಳಲ್ಲಿ ಸಣ್ಣಗೆ ಕೀರಲುವುದೂ ಉಂಟು. ಲಾರಿ, ಬಸ್ಸುಗಳ "ಟುಸ್" ಅಂತೂ ಹೆಚ್ಚಾದ ಗಾಳಿ ಹೊರಬೀಳುವ ಸದ್ದು. ಅದು ರೋಗವಲ್ಲ, ಆರೋಗ್ಯ. ಆದರೆ ನಿಂತ ಗಾಡಿಯಿಂದ "ಸ್ಸ್" ಎಂದು ಬಿಡದೆ ಗಾಳಿ ಸೋರುತ್ತಿದ್ದು, ಡ್ರೈವರನ ಮುಂದಿನ ಗೇಜಿನ ಮುಳ್ಳು ಇಳಿಯುತ್ತಿದ್ದರೆ ಮಾತು ಬೇರೆ. ಆ ಗಾಡಿ ನಿಲ್ದಾಣ ಬಿಡಬಾರದು.

ಅಂಜಬೇಕಾದದ್ದು ಯಾವುದಕ್ಕೆ?

ಪ್ರತಿಸಲ ಒತ್ತಿದಾಗಲೂ, ದಿನದಿನಕ್ಕೂ ಬರುವ ಚೂಪಾದ ಕೀರಲು ದನಿ ಮೊದಲ ಎಚ್ಚರಿಕೆ. ಬಹಳಷ್ಟು ಕಾರುಗಳ ಪ್ಯಾಡಿಗೆ ಸಣ್ಣದೊಂದು ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗಲಿ ಎಂದೇ ಕಂಪನಿಯವರು ಇಟ್ಟದ್ದು. ಕೆಲವು ಕಾರುಗಳಲ್ಲಿ ಓಡುವಾಗ ಕೂಗಿ, ಬ್ರೇಕ್ ಒತ್ತಿದಾಗ ಸುಮ್ಮನಾಗುತ್ತದೆ. ಹೊಸ ಕಾರಿನ ಪ್ಯಾಡು ಸುಮಾರು 10 ಮಿಲಿಮೀಟರ್ ದಪ್ಪ. ಅದು 3 ಮಿಲಿಮೀಟರಿಗೆ ಬಂದರೆ ಬದಲಿಸುವ ಕಾಲ ಬಂತೆಂದೇ ಲೆಕ್ಕ.

ಕೀರಲು ಹೋಗಿ ಗರಗರ ಬಂತೆಂದರೆ ತಡವಾಯಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ದನಿ ಅದು. ಲಾರಿ, ಬಸ್ಸುಗಳಲ್ಲಾದರೆ ಲೈನರು ಸವೆದು ರಿವೀಟುಗಳೇ ಡ್ರಮ್ಮನ್ನು ಕೆರೆಯುತ್ತಿರುತ್ತವೆ. ಲೈನರಿಗೆ ಹೋಗಬೇಕಿದ್ದ ಖರ್ಚು ಈಗ ಡ್ರಮ್ಮಿಗೂ ಡಿಸ್ಕಿಗೂ ಹೋಗುತ್ತದೆ. ಒತ್ತಿದಾಗಲೆಲ್ಲ "ಟಕ್" ಎಂದು ಬಡಿದರೆ ಯಾವುದೋ ಬೋಲ್ಟು, ಪಿನ್ನು ಸಡಿಲಾಗಿರಬಹುದು.

ಇನ್ನೊಂದು ಮಾತು ಎಲ್ಲರೂ ನೆನಪಿಡಬೇಕು. ಬ್ರೇಕಿನ ಅತಿ ಕೆಟ್ಟ ದೋಷಗಳು ಕೂಗುವುದೇ ಇಲ್ಲ. ಪೆಡಲು ಹತ್ತಿಯಂತೆ ಮೆತ್ತಗಾಗುವುದು, ಒತ್ತಿದಷ್ಟೂ ಕೆಳಗಿಳಿಯುವುದು, ಗಾಡಿ ಒಂದೇ ಮಗ್ಗುಲಿಗೆ ಎಳೆಯುವುದು, ಗಾಲಿಯ ಹತ್ತಿರ ಸುಟ್ಟ ವಾಸನೆ, ಗಾಲಿಯ ಒಳಮಗ್ಗುಲಲ್ಲಿ ಎಣ್ಣೆ ಕಲೆ. ಇವುಗಳಲ್ಲಿ ಒಂದು ಕಂಡರೂ "ನಾಳೆ ನೋಡೋಣು" ಅನ್ನುವ ಮಾತೇ ಇಲ್ಲ. ಎರಡು ಮೂರು ಸಲ ಪಂಪ್ ಹೊಡೆದರೆ ಹಿಡಿಯುತ್ತದೆ ಎನ್ನುವ ಗಾಡಿ, ನಾಲ್ಕನೆಯ ಸಲ ಹಿಡಿಯಲಿಕ್ಕಿಲ್ಲ. ಕೂಗುವ ಬ್ರೇಕು ರಿಪೇರಿಗೆ ಇನ್ನೂ ಸಮಯ ಕೊಟ್ಟಿರುತ್ತದೆ. ಮೆತ್ತಗಾದ ಪೆಡಲು ಆ ಸಮಯವನ್ನೂ ಕೊಡುವುದಿಲ್ಲ.

ದನಿ ಅಡಗಿಸುವ ಧಂದೆ

ಗ್ಯಾರೇಜುಗಳಲ್ಲಿ ದಿನಾ ಕೇಳುವ ಮಾತು ಇದು: "ಮಿಸ್ತ್ರಿ, ಸೌಂಡ್ ಅಷ್ಟ ಬಂದ್ ಮಾಡಿ ಕೊಡಪಾ, ಉಳದದ್ದು ಸುಗ್ಗಿ ಮುಗದ ಮ್ಯಾಲೆ ನೋಡೋಣು." ಮಿಸ್ತ್ರಿ "ಸಾವ್ಕಾರ್ರ, ಲೈನರ್ ಮುಗದಾವ್ರಿ" ಎಂದರೂ ಕೇಳುವವರಿಲ್ಲ. ಆಗ ಅವನಾದರೂ ಏನು ಮಾಡಿಯಾನು? ಪಾಲಿಶ್ ಕಾಗದದಿಂದ ಉಜ್ಜಿ ಕಳಿಸುತ್ತಾನೆ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮತ್ತೆ ಕೂಗು. ಇನ್ನೂ ಕೆಟ್ಟದ್ದೆಂದರೆ ಲೈನರಿಗೆ ಎಣ್ಣೆ ತಾಗಿಸುವ ಜಾಣತನ. ಲೈನರಿಗೆ ಎಣ್ಣೆ ಬಿಟ್ಟರೆ ದನಿ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ! ಒಂದು ಗಾಲಿಗೆ ಹೊಸ ಪ್ಯಾಡು, ಎದುರಿನ ಗಾಲಿಗೆ ಹಳೇದು ಎಂಬ ಉಳಿತಾಯವೂ ಹಾಗೆಯೇ. ಗಾಡಿ ಒಂದು ಕಡೆಗೆ ಎಳೆಯತೊಡಗುತ್ತದೆ. ಹಾಕಿದರೆ ಎರಡೂ ಮಗ್ಗುಲಿಗೆ ಒಟ್ಟಿಗೇ ಹಾಕಬೇಕು.

ಗ್ಯಾರೇಜಿನ ಹುಡುಗರ ಗತಿಯನ್ನೂ ಮಾಲೀಕರು ನೋಡಬೇಕು. ಡ್ರಮ್ ಬಿಚ್ಚಿದೊಡನೆ ಗಾಳಿ ಹೊಡೆದು ಧೂಳು ಹಾರಿಸುವ ರೂಢಿ ಇದೆ. ಹಳೇ ತರಹದ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಎದೆಗೆ ಹೋದರೆ ವರ್ಷಾನುಗಟ್ಟಲೆ ಸುಮ್ಮನಿದ್ದು ಕೊನೆಗೆ ಶ್ವಾಸಕೋಶದ ಕ್ಯಾನ್ಸರಿಗೂ ದಾರಿಯಾದೀತು. ಒದ್ದೆ ಬಟ್ಟೆಯಿಂದ ಒರೆಸಿದರೆ ಏನೂ ಖರ್ಚಿಲ್ಲ.

ಹೇರು ಹೆಚ್ಚು, ಬ್ರೇಕು ಅಷ್ಟೇ

ವೇಗ ಇಮ್ಮಡಿಯಾದರೆ ಬ್ರೇಕಿನ ಕೆಲಸ ನಾಲ್ಕು ಪಟ್ಟಾಗುತ್ತದೆ. 40 ಕಿಲೋಮೀಟರ್ ವೇಗದ ಗಾಡಿಗಿಂತ 80ರ ಗಾಡಿಯನ್ನು ನಿಲ್ಲಿಸಲು ನಾಲ್ಕು ಪಟ್ಟು ಶಕ್ತಿಯನ್ನು ಕಾವು ಮಾಡಿ ಕಳೆಯಬೇಕು. 80ರ ವೇಗದಲ್ಲಿ ಡ್ರೈವರನ ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿಯುವುದು ಆಮೇಲಿನ ಮಾತು. ಇದರ ಮೇಲೆ ಪಾಸಿಂಗ್ ಮೀರಿದ ಹೇರು ಬಿದ್ದರೆ ಕೇಳುವುದೇ ಬೇಡ.

ಟ್ರ್ಯಾಕ್ಟರಿನ ಕಥೆ ಇನ್ನೂ ಬೇರೆ. ಹೊಲದಲ್ಲಿ ತಿರುವಿಕೊಳ್ಳಲು ಎಡಕ್ಕೊಂದು, ಬಲಕ್ಕೊಂದು ಬ್ರೇಕ್ ಪೆಡಲು ಇರುತ್ತದೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಲಾಕ್ ಹಾಕಬೇಕು. ಮರೆತು ಜೋರಿನಲ್ಲಿ ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರು ಒಂದೇ ಕಡೆ ತಿರುಗಿ ಮಗುಚಬಹುದು. ಎಷ್ಟೋ ಟ್ರೇಲರುಗಳಿಗೆ ತಮ್ಮದೇ ಬ್ರೇಕೂ ಇಲ್ಲ. ಹಿಂದಿನ ಚೀಲಗಳ ಭಾರವೆಲ್ಲ ಮುಂದಿನ ಎಂಜಿನ್ನಿನ ಬ್ರೇಕಿನ ಮೇಲೆಯೇ.

ಹಾವೇರಿಯಿಂದ ಶಿರಸಿ ದಾಟಿ ಕುಮಟಾಕ್ಕೆ ಮಾಲು ಒಯ್ಯುವವರಿಗೆ ದೇವಿಮನೆ ಘಟ್ಟದ ಇಳಿಜಾರು ಗೊತ್ತು. ಅಲ್ಲಿ ಬ್ರೇಕನ್ನೇ ನಂಬಿ ಇಳಿದರೆ ಕಾವು ಏರಿ ಹಿಡಿತ ಸಡಿಲಾಗುತ್ತದೆ. ಸಣ್ಣ ಗಾಡಿಗಳ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಸ್ವಭಾವದ್ದು. ಡಾಟ್ 3 ಎಂಬ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದೆಂದು ಕಟ್ಟಳೆ. ತೇವ ಕುಡಿದ ಮೇಲೆ ಅದು 140 ಡಿಗ್ರಿಯವರೆಗೆ ತಡೆದರೆ ಸಾಕೆನ್ನುತ್ತದೆ ಅದೇ ಕಟ್ಟಳೆ. ಕುದ್ದರೆ ಪೈಪಿನೊಳಗೆ ಆವಿ ತುಂಬುತ್ತದೆ, ಪೆಡಲು ಪಾತಾಳಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ಘಟ್ಟವನ್ನು ಸಣ್ಣ ಗೇರಿನಲ್ಲೇ ಇಳಿಯಬೇಕು. ಬ್ರೇಕ್ ಆಯಿಲ್ ಸಿಗಲಿಲ್ಲವೆಂದು ಎಂಜಿನ್ ಆಯಿಲ್ ಸುರಿದವನಂತೂ ಒಳಗಿನ ರಬ್ಬರ್ ಸೀಲುಗಳನ್ನು ತಾನೇ ಕೊಂದಂತೆ.

ಹೆದ್ದಾರಿ ಎಷ್ಟು ನಿರ್ದಯಿ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ನಿಂತ ಲಾರಿಗೆ ಟಿ.ಟಿ. ವಾಹನ ಗುದ್ದಿ 13 ಜನ ಸತ್ತರು. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದ ಭಕ್ತರು ಅವರು. ಆ ದುರಂತವನ್ನು ಬ್ರೇಕಿನ ತಲೆಗೆ ಕಟ್ಟುವುದು ತಪ್ಪಾದೀತು. ಆದರೆ ಆ ರಸ್ತೆಯಲ್ಲಿ ಎದುರಿಗೆ ಏನು ನಿಂತಿದೆ ಎಂದು ಕಣ್ಣಿಗೆ ಬೀಳುವುದಕ್ಕೂ ಗಾಡಿ ನಿಲ್ಲುವುದಕ್ಕೂ ನಡುವೆ ಸಿಗುವುದು ಕೆಲವೇ ಮಾರು ಜಾಗ. ಆ ಜಾಗದಲ್ಲೂ ಪಾಲು ಕೇಳುವ ಸವೆದ ಲೈನರನ್ನು ಹಾಕಿಕೊಂಡು ತಿರುಗುವುದು ಯಾವ ಧೈರ್ಯ?

ಹೊಣೆ ಯಾರದು?

ಮೋಟಾರು ವಾಹನ ಕಾಯ್ದೆ, 1988ರ 190ನೇ ಕಲಂ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ತನಗೆ ಗೊತ್ತಿರುವ, ಇಲ್ಲವೇ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ಅಪಾಯದ ದೋಷವಿರುವ ಗಾಡಿಯನ್ನು ಓಡಿಸುವುದು ಅಪರಾಧ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ತಪ್ಪಿತಸ್ಥ. ಅಂಗಡಿ ಮಾಲು ತರಲು ಟಾಟಾ ಏಸ್ ಇಟ್ಟುಕೊಂಡ ಸಾವುಕಾರರು ಈ ಮಾತನ್ನು ಎರಡು ಸಲ ಓದಬೇಕು. ವಾರಗಟ್ಟಲೆ ಬಾಗಿಲ ಮುಂದೆಯೇ ಕೂಗಿದ ಬ್ರೇಕು "ಗೊತ್ತಿರಲಿಲ್ಲ" ಎನ್ನಲು ಬಿಡುವುದಿಲ್ಲ.

"ಎಫ್.ಸಿ. ಐತ್ರಿ" ಎನ್ನುವುದು ಇನ್ನೊಂದು ಸಬೂಬು. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಪರೀಕ್ಷೆ. ಲೈನರು ಸವೆಯಲು ವರ್ಷ ಬೇಕಿಲ್ಲ, ಒಂದು ಸುಗ್ಗಿ ಸಾಕು.

ಬಸ್ಸಿನ ಪ್ರಯಾಣಿಕರೂ ಬಾಯಿ ಬಿಡಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸುಗಳು ತುಂಬಿ ತುಳುಕುತ್ತಿವೆ. ದಿನಾ ಅದೇ ಬಸ್ಸಿಗೆ ಹೋಗಿಬರುವವರಿಗೆ ಅದರ ದನಿಯ ವ್ಯತ್ಯಾಸ ಬೇಗ ತಿಳಿಯುತ್ತದೆ. "ಡ್ರೈವರ್ ಸಾಹೇಬ್ರ, ಹಿಂದಿನ ಗಾಲ್ಯಾಗ ಗರಗರ ಅನ್ನಾಕತ್ತೈತಿ ನೋಡ್ರಿ" ಎಂದು ಹೇಳುವುದು ಜಗಳವಲ್ಲ. ಡ್ರೈವರನಿಗೆ ಡಿಪೋದಲ್ಲಿ ಗಟ್ಟಿಯಾಗಿ ಹೇಳಲು ಅದೊಂದು ಬಲ. ವಾಯವ್ಯ ಸಾರಿಗೆಯ ಹಾವೇರಿ ವಿಭಾಗದವರು ಇಷ್ಟು ಮಾಡಲಿ: ಡ್ರೈವರ್ ಬ್ರೇಕಿನ ದೋಷ ಬರೆದುಕೊಟ್ಟರೆ, ನೋಡಿದವರು ಅದರ ಕೆಳಗೇ ಸಹಿ ಮಾಡುವವರೆಗೆ ಆ ಬಸ್ಸು ಗೇಟು ದಾಟದಿರಲಿ.

ಹಾವೇರಿ, ರಾಣೆಬೆನ್ನೂರಿನ ಸಾರಿಗೆ ಕಚೇರಿಯವರಿಗೂ ಬ್ಯಾಡಗಿ ಎ.ಪಿ.ಎಂ.ಸಿ.ಯವರಿಗೂ ಒಂದು ಸೂಚನೆ. ಸುಗ್ಗಿಯ ಮಾರ್ಕೆಟ್ ದಿನಗಳಲ್ಲಿ ಪ್ರಾಂಗಣದಲ್ಲೇ ಒಬ್ಬ ಇನ್‌ಸ್ಪೆಕ್ಟರ್, ಇಬ್ಬರು ಮಿಸ್ತ್ರಿಗಳನ್ನು ಕೂರಿಸಿ ಗಾಡಿಗಳ ಬ್ರೇಕ್ ನೋಡಿಸಲಿ. ರಸೀದಿ ಪುಸ್ತಕ ಆಮೇಲೆ ತೆಗೆದರಾಯಿತು, ಮೊದಲು ತಿಳಿಹೇಳಲಿ. ಟೆಂಡರ್ ಮುಗಿಯುವತನಕ ಗಾಡಿಗಳು ಹೇಗೂ ನಿಂತೇ ಇರುತ್ತವೆ. ದಂಡವೆಂದರೆ ರೈತ ಅಡ್ಡದಾರಿ ಹಿಡಿದಾನು, ಸಲಹೆಯೆಂದರೆ ತಾನೇ ಬಂದು ಗಾಲಿ ತೋರಿಸಿಯಾನು.

ಅಧಿಕಾರಿಗಳು ಎದ್ದು ಬರುವವರೆಗೆ ಮಾಲೀಕರು ಕಾಯುವುದೂ ಬೇಡ. ಹೊಸ ಲೈನರಿನ ಬೆಲೆ ಎಷ್ಟೆಂದು ಚೌಕಾಸಿ ಮಾಡುವ ಮುಂಚೆ, ತಮ್ಮ ಗಾಡಿ ಶಾಲೆ ಬಿಡುವ ಹೊತ್ತಿಗೆ ಯಾವ ಓಣಿಯಿಂದ ಹೋಗುತ್ತದೆ ಎಂದು ಒಮ್ಮೆ ನೆನೆಸಿಕೊಂಡರೆ ಸಾಕು.