ಒಂದು ತಪ್ಪಿನ ಬೆಲೆ

ತಪ್ಪು ಯಾರಿಂದ ಆಗೋದಿಲ್ಲ ಹೇಳಿ? ಆದರೆ ಆಟದಲ್ಲಿ ಆದ ತಪ್ಪಿಗೆ ಜೀವವನ್ನೇ ತೆತ್ತವನೊಬ್ಬನಿದ್ದ. ಕೊಲಂಬಿಯಾದ ಆಂಡ್ರೆಸ್ ಎಸ್ಕೋಬಾರ್.

ಹುಟ್ಟಿದ್ದು 1967ರಲ್ಲಿ, ಮೆಡೆಲಿನ್ ನಗರದಲ್ಲಿ. ಅದೇ ಊರಿನ ಡ್ರಗ್ಸ್ ದೊರೆ ಪಾಬ್ಲೊ ಎಸ್ಕೋಬಾರ್ ಹೆಸರು ಕೇಳಿರ್ತೀರಿ. ಇಬ್ಬರಿಗೂ ಹೆಸರು ಒಂದೇ, ಸಂಬಂಧವೇನೂ ಇಲ್ಲ. ಆಂಡ್ರೆಸ್ ಮೈದಾನದಲ್ಲಿ ಎಷ್ಟು ಸಂಭಾವಿತ ಅಂದ್ರೆ, ಜನ ಆತನನ್ನು ‘ಫುಟ್‌ಬಾಲ್‌ನ ಸಜ್ಜನ’ ಅಂತಲೇ ಕರೀತಿದ್ದರು. ಆತನಿದ್ದ ಅಟ್ಲೆಟಿಕೊ ನ್ಯಾಸಿಯೊನಲ್ ಕ್ಲಬ್ 1989ರಲ್ಲಿ ಕೋಪಾ ಲಿಬರ್ಟಡೋರೆಸ್ ಗೆದ್ದಿತು. ಕೊಲಂಬಿಯಾದ ಕ್ಲಬ್ಬೊಂದು ದಕ್ಷಿಣ ಅಮೆರಿಕದ ಆ ದೊಡ್ಡ ಕಪ್ ಎತ್ತಿದ್ದು ಅದೇ ಮೊದಲು. ದೇಶಕ್ಕಾಗಿ 50ಕ್ಕೂ ಹೆಚ್ಚು ಪಂದ್ಯ ಆಡಿದ ಆಂಡ್ರೆಸ್ ಎದುರಾಳಿಗಳ ಮೇಲೆ ಹೊಡೆದ ಗೋಲು ಒಂದೇ: 1988ರಲ್ಲಿ ವೆಂಬ್ಲಿಯಲ್ಲಿ, ಇಂಗ್ಲೆಂಡ್ ವಿರುದ್ಧ. ಜನ ನೆನಪಿಟ್ಟುಕೊಂಡದ್ದು ಮಾತ್ರ ಬೇರೆ ಗೋಲನ್ನು.

1994ರ ವಿಶ್ವಕಪ್. ಕೊಲಂಬಿಯಾ ಮೊದಲ ಪಂದ್ಯದಲ್ಲೇ ರೊಮೇನಿಯಾಗೆ ಸೋತಿತ್ತು. ಜೂನ್ 22ರಂದು ಎದುರಾಳಿ ಅಮೆರಿಕ. ಆಟಗಾರರಿಗೆ ಬೆದರಿಕೆಗಳೂ ಬಂದಿದ್ದವು. ಆಟ ಶುರುವಾಗಿ ಅರ್ಧ ಗಂಟೆ ಕಳೆದಿತ್ತು. ಎಡಗಡೆಯಿಂದ ಅಮೆರಿಕದ ಆಟಗಾರ ಜೋರಾಗಿ ಚೆಂಡು ತಳ್ಳಿದ. ಅದನ್ನು ತಡೆಯೋಕೆ ಆಂಡ್ರೆಸ್ ಜಾರಿ ಕಾಲು ಚಾಚಿದ. ಚೆಂಡು ಕಾಲಿಗೆ ತಾಗಿ ತಮ್ಮದೇ ಗೋಲಿನೊಳಗೆ ಹೋಯಿತು! ಪಂದ್ಯ 2-1ರಲ್ಲಿ ಕೈತಪ್ಪಿತು. ಕೊನೆಯ ಪಂದ್ಯ ಗೆದ್ದರೂ ತಂಡ ಮನೆ ದಾರಿ ಹಿಡಿಯಿತು.

ಡಿಫೆಂಡರ್ ಪಾಡೇ ಅಷ್ಟು. ಮುಂದೆ ಆಡೋನು ಹತ್ತು ಅವಕಾಶ ಹಾಳು ಮಾಡಿ ಒಂದು ಗೋಲು ಹೊಡೆದರೆ ಹೀರೋ. ಹಿಂದೆ ನಿಂತೋನು ಹತ್ತು ತಡೆದು ಒಂದು ತಪ್ಪಿಸಿದರೆ ಖಳನಾಯಕ. ನಡೆಯುವವರೆಡವದೆ ಕುಳಿತವರೆಡವುವರೇ ಅನ್ನೋ ಗಾದೆ ಆವತ್ತು ಯಾರಿಗೂ ನೆನಪಾಗಲಿಲ್ಲ.

ಆಂಡ್ರೆಸ್ ಅಡಗಿ ಕೂರಲಿಲ್ಲ. ಬದುಕು ಇಲ್ಲಿಗೇ ಮುಗಿಯೋದಿಲ್ಲ ಅಂತ ‘ಎಲ್ ತಿಯೆಂಪೊ’ ಪತ್ರಿಕೆಯಲ್ಲಿ ಬರೆದ. ಊರಿಗೆ ಮರಳಿದ. ಜುಲೈ 2ರ ಬೆಳಗಿನ ಜಾವ, ಮೆಡೆಲಿನ್‌ನ ನೈಟ್‌ಕ್ಲಬ್ ಒಂದರ ಹೊರಗೆ ಕೆಲವರು ಅದೇ ಗೋಲಿನ ಮಾತೆತ್ತಿ ಹಂಗಿಸಿದರು. ಜಗಳವಾಯಿತು. ಕಾರಿನಲ್ಲಿದ್ದ ಆಂಡ್ರೆಸ್‌ಗೆ ಗುಂಡು ಹಾರಿಸಿದರು. ಆಗ ಆತನಿಗೆ ಬರೀ 27 ವರ್ಷ.

ಅಂತ್ಯಕ್ರಿಯೆಗೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು ಅಂತಾರೆ. ಕೊಲೆಗಾರನಿಗೆ 43 ವರ್ಷ ಶಿಕ್ಷೆಯಾಯಿತು. ಸುಮಾರು 11 ವರ್ಷಕ್ಕೇ, 2005ರಲ್ಲಿ, ಹೊರಗೆ ಬಂದ.

ಈಗಲೂ ಮ್ಯಾಚ್ ನೋಡುವಾಗ ಯಾರಾದರೂ ಕ್ಯಾಚ್ ಬಿಟ್ಟರೆ, ಪೆನಾಲ್ಟಿ ತಪ್ಪಿಸಿದರೆ, ನಮ್ಮ ಬಾಯಿಂದ ಎಂಥೆಂಥಾ ಮಾತು ಬರುತ್ತೆ! ಪಕ್ಕದಲ್ಲಿ ಮಕ್ಕಳೂ ಕೂತಿರುತ್ತಾರೆ. ತಪ್ಪು ಮಾಡಿದವರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಅವರು ಕಲಿಯೋದು ನಮ್ಮನ್ನು ನೋಡೇ ಅಲ್ವಾ?